ಇಳುವರಿ ನೋಡುವ ಓದು

ಒಬ್ಬರು ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ಉಳಿದವರು ಸುತ್ತ ಕುಳಿತು ಕೇಳುವುದು—ಕಾವ್ಯವಾಚನದ ಈ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ವೈದ್ಯರ ಲೋಕದಲ್ಲಿಯೂ ಇಂಥದೇ ಒಂದು ಗೋಷ್ಠಿಯುಂಟು. ಅದರ ಹೆಸರು ‘ಜರ್ನಲ್ ಕ್ಲಬ್’. ಎಂ.ಬಿ.ಬಿ.ಎಸ್. ಮುಗಿಸಿ ಹೆಚ್ಚಿನ ವ್ಯಾಸಂಗಕ್ಕೆಂದು ಆಸ್ಪತ್ರೆಯಲ್ಲಿಯೇ ಹಗಲಿರುಳು ದುಡಿಯುವ ಕಿರಿಯ ವೈದ್ಯರು ಆಗಾಗ ಒಂದೆಡೆ ಸೇರುತ್ತಾರೆ. ವೈದ್ಯಪತ್ರಿಕೆಯ ಒಂದು ಲೇಖನವನ್ನು ಅವರಲ್ಲೊಬ್ಬರು ಓದಿ ವಿವರಿಸುತ್ತಾರೆ. ಭೇದವಿಷ್ಟೆ: ಪುರಾಣ ಕೇಳುವವನು ನಂಬಿ ಕೇಳಬೇಕು; ಇಲ್ಲಿ ಕೇಳುವವನು ಸಂದೇಹಪಟ್ಟು ಕೇಳಬೇಕು.

ಈ ಪದ್ಧತಿ ಹುಟ್ಟಿದ್ದು ಬಡತನದಿಂದಲೆಂದರೆ ತಪ್ಪಾಗದು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ, ಆಸ್ಪತ್ರೆಯ ಬಾಗಿಲ ಬಳಿಯ ರೊಟ್ಟಿ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ವಿದ್ಯಾರ್ಥಿಗಳು ಪತ್ರಿಕೆ ಓದುತ್ತಿದ್ದರೆಂದೂ, ಸಂಜೆ ಕೆಲವರು ಇಸ್ಪೀಟೂ ಆಡುತ್ತಿದ್ದರೆಂದೂ ಸರ್ ಜೇಮ್ಸ್ ಪ್ಯಾಜೆಟ್ ನೆನೆದಿದ್ದಾನೆ. 1875ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಇದನ್ನು ಕ್ರಮವಾಗಿ ಆರಂಭಿಸಿದ. ಒಬ್ಬೊಬ್ಬರೇ ಕೊಳ್ಳಲಾರದಷ್ಟು ದುಬಾರಿಯಾದ ಪತ್ರಿಕೆಗಳನ್ನು ಹಂಚಿಕೊಂಡು ಓದುವುದೇ ಅವನ ಉದ್ದೇಶ.

ಇಂದು ಪತ್ರಿಕೆಗಳಿಗೆ ಬರವಿಲ್ಲ. ತೂಗಿ ನೋಡುವ ತಾಳ್ಮೆಗೆ ಬರ. ಕೃಷ್ಣೆಯ ದಡದ ಉಗಾರ ಖುರ್ದದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1939ರಲ್ಲಿ ಸ್ಥಾಪನೆಯಾದ ಅಲ್ಲಿಯ ಸಕ್ಕರೆ ಕಾರ್ಖಾನೆಗೆ ಬಂದ ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ತಿಳಿಯುವುದು ಹೊರೆಯ ತೂಕ ಮಾತ್ರ. ಸಕ್ಕರೆ ಎಷ್ಟು ಇಳಿದೀತೆಂಬುದು ಕಬ್ಬನ್ನು ಅರೆದ ಮೇಲಿನ ಮಾತು. ವೈದ್ಯಲೇಖನದ ಗತಿಯೂ ಅದೇ.

ಆ ಊರಿನಿಂದ ಕುಡಚಿ, ರಾಯಬಾಗ, ಘಟಪ್ರಭಾ ದಾಟುವ ರೈಲಿನಲ್ಲಿ ಬೆಳಗಾವಿಗೆ ಹೋಗಿ, ಪ್ರಸೂತಿಶಾಸ್ತ್ರ ಕಲಿಯುತ್ತಿರುವ ತರುಣಿಯೊಬ್ಬಳನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಗೋಷ್ಠಿ ನಡೆಸುವ ಸರದಿ ಅವಳದು. ಜಾಣೆಯಾದರೆ ಅವಳು ಮೊದಲು ಲೇಖನವನ್ನು ಹುಡುಕುವುದಿಲ್ಲ, ಪ್ರಶ್ನೆಯನ್ನು ಹುಡುಕುತ್ತಾಳೆ. ಹೆರಿಗೆಯಾದೊಡನೆ ಅತಿಯಾಗಿ ರಕ್ತ ಹೋಗಿ ತಾಯಂದಿರು ಸಾಯುವುದುಂಟು. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪೂ ಬೇಕು, ಚುಚ್ಚಬಲ್ಲ ಕೈಯೂ ಬೇಕು. ಇವೆರಡೂ ಇಲ್ಲದ ಹಳ್ಳಿಯಲ್ಲಿ ಮಾಡುವುದೇನು?

ಇದಕ್ಕೆ ಉತ್ತರ ಹುಡುಕಿದ ಸಂಶೋಧನೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದದ್ದು. 1963ರಲ್ಲಿ ಆರಂಭವಾದ ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ವಿದ್ವಾಂಸರೊಡನೆ ಕೂಡಿ ನಡೆಸಿದ ಈ ಪ್ರಯೋಗದ ವರದಿ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1,620 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಮಗು ಹುಟ್ಟಿದ ಮೇಲೆ ಸಹಾಯಕ ದಾದಿಯರು ಒಂದು ಗುಂಪಿಗೆ ಮಿಸೊಪ್ರೊಸ್ಟಾಲ್ ಗುಳಿಗೆಗಳನ್ನೂ ಇನ್ನೊಂದಕ್ಕೆ ಅದೇ ರೂಪದ ಹುಸಿಗುಳಿಗೆಗಳನ್ನೂ ಕೊಟ್ಟರು. ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಸಿನಲ್ಲಿ ಹಿಡಿದು ಅಳೆದರು.

ಈ ಲೇಖನವನ್ನು ಅವಳು ಮೂರು ಸಲವಾದರೂ ಓದಬೇಕು. ಮೊದಲ ಸಲ ಸಾರಾಂಶವನ್ನು ಬಿಟ್ಟು, ಪ್ರಯೋಗದ ಕ್ರಮವನ್ನಷ್ಟೆ. ಗುಂಪು ಮಾಡಿದ್ದರಲ್ಲಿ ಪಕ್ಷಪಾತಕ್ಕೆ ಎಡೆಯಿತ್ತೆ? ಯಾವ ಗುಳಿಗೆಯೆಂಬುದು ಕೊಟ್ಟವರಿಗೆ ಗೊತ್ತಿತ್ತೆ? ನಡುವೆ ಕೈಬಿಟ್ಟವರೆಷ್ಟು? ಆಮೇಲೆ ಅಂಕಿಗಳು. 500 ಮಿಲಿಲೀಟರ್ ಅಥವಾ ಹೆಚ್ಚು ರಕ್ತ ಹೋದವರು ಹುಸಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ 12. ಮದ್ದಿನ ಗುಂಪಿನಲ್ಲಿ 6.4. ‘ಅಪಾಯ ಹೆಚ್ಚುಕಡಿಮೆ ಅರ್ಧವಾಯಿತು’ ಎಂದರೆ ಸಭೆ ತಲೆದೂಗೀತು. ಅದು ಕಾಟಾದ ತೂಕ. ಇಳುವರಿ ಬೇರೆ: ನೂರರಲ್ಲಿ ಉಳಿದವರು 5.6; ಎಂದರೆ 18 ಮಂದಿಗೆ ಮದ್ದು ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪುತ್ತದೆ.

ರಜೆಯಲ್ಲಿ ಊರಿಗೆ ಬಂದು, ರಾತ್ರಿ ದೀಪದ ಕೆಳಗೆ ಇದೇ ಲೆಕ್ಕ ಹಾಕುವ ಮಗಳನ್ನು ತಾಯಿ ಕೇಳದಿರುವಳೆ?

“ಏನವ್ವಾ ಅದು, ಇಷ್ಟ ಹೊತ್ತಿನ್ಯಾಗ?”

“ಹದಿನೆಂಟು ಬಾಣಂತ್ಯಾರಿಗೆ ಗುಳಿಗಿ ಕೊಟ್ರ ಒಬ್ಬಾಕಿ ಪಾರಾಗ್ತಾಳವ್ವಾ.”

“ಆ ಒಬ್ಬಾಕಿ ಯಾರಂತ ಮೊದಲ ಗೊತ್ತಾಗತೈತೇನು?”

“ಇಲ್ಲ.”

“ಹಂಗಾದ್ರ ಹದಿನೆಂಟೂ ಮಂದಿಗೆ ಕೊಡಬೇಕಲ್ಲ!”

ಶಾಸ್ತ್ರ ಹೇಳಬೇಕಾದುದನ್ನು ತಾಯಿ ಒಂದೇ ಮಾತಿನಲ್ಲಿ ಹೇಳಿದಂತಾಯಿತು. ಆದರೆ ಗೋಷ್ಠಿಯ ಕೆಲಸ ಅಲ್ಲಿಗೆ ಮುಗಿಯದು. ಹದಿನೆಂಟು ಮಂದಿಗೂ ಕೊಟ್ಟಾಗ ಉಳಿದವರು ತೆರುವ ಬೆಲೆಯನ್ನೂ ಕೇಳಬೇಕು. ಚಳಿನಡುಕ, ಕೆಲವರಿಗೆ ಸ್ವಲ್ಪ ಹೊತ್ತಿನ ಜ್ವರ—ಇವು ಈ ಮದ್ದಿನ ಬೆನ್ನಿಗೇ ಬರುವಂಥವು. ಹುಸಿಗುಳಿಗೆ ಕೊಟ್ಟದ್ದು ನ್ಯಾಯವೆ ಎಂದು ಯಾರಾದರೂ ಕೇಳದಿದ್ದರೆ, ನಡೆಸುವವಳೇ ಕೇಳಬೇಕು. ಸಾವು ಎಷ್ಟು ತಗ್ಗಿತೆಂದು ಹೇಳಲು 1,620 ಜನ ಸಾಕಾಗರೆಂಬುದನ್ನೂ ಮರೆಸಬಾರದು.

ನಡೆಸುವ ಜಾಣ್ಮೆಯೂ ಸಣ್ಣದಲ್ಲ. ಲೇಖನ ವಾರದ ಮೊದಲೇ ಎಲ್ಲರ ಕೈ ಸೇರಿರಬೇಕು. ತೆರೆಯ ಮೇಲಿನ ಸಾಲುಗಳನ್ನು ಗಿಳಿಪಾಠದಂತೆ ಒಪ್ಪಿಸಿದರೆ, ರಾತ್ರಿಯ ಪಾಳಿ ಮುಗಿಸಿ ಬಂದವರು ಕುಳಿತಲ್ಲಿಯೇ ತೂಕಡಿಸಿಯಾರು. ಅವರ ತಪ್ಪೂ ಅಲ್ಲ. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಪ್ರಾಧ್ಯಾಪಕರು ಕೊನೆಗೆ. ಹಿರಿಯರ ಅಭಿಪ್ರಾಯ ಮೊದಲೇ ಹೊರಬಿದ್ದರೆ ಕಿರಿಯರಿಗೆ ‘ಹೌದು ಸಾರ್’ ಎನ್ನುವುದಲ್ಲದೆ ಬೇರೆ ಮಾತು ಉಳಿಯದು.

ಕೊನೆಯ ಪ್ರಶ್ನೆಯೇ ಗೋಷ್ಠಿಯ ಪ್ರಾಣ: ನಾಳೆ ಮಾಡಬೇಕಾದುದೇನು? ಚುಚ್ಚುಮದ್ದೂ ತಂಪುಪೆಟ್ಟಿಗೆಯೂ ಇರುವ ದೊಡ್ಡ ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ನನ್ನೇ ಮುಂದುವರಿಸಬೇಕು, ಇಲ್ಲದೆಡೆಗೆ ಗುಳಿಗೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಕಲಿತ ವೈದ್ಯೆ ಮುಂದೆ ಎಲ್ಲಿಗೆ ಹೋದಾಳೋ ತಿಳಿಯದು. ದೊಡ್ಡ ಆಸ್ಪತ್ರೆಗಾದರೂ ಸರಿ, ಹೊಳೆಯಾಚೆಯ ಹಳ್ಳಿಗಾದರೂ ಸರಿ, ಎರಡು ಕಡೆಯ ಉತ್ತರವೂ ಅವಳ ಬಳಿ ಇರಬೇಕು.