ಹಳೆಯದೂ ಪಕ್ಕದಲ್ಲಿರಲಿ

8 ಅಕ್ಟೋಬರ್ 2024, ಮಂಗಳವಾರ

ಇವತ್ತು ‘ಸೈಲೆಂಟ್ ಹಿಲ್ 2’ ಹೊಸ ರೂಪದಲ್ಲಿ ಬಿಡುಗಡೆಯಾಯಿತು. ಹಳೆಯ ಆಟಗಳಿಗೆ ಹೊಸ ರೂಪ ಕೊಡುವ ನಮ್ಮ ಆಫೀಸಿನಲ್ಲಿ ಬೆಳಗ್ಗೆಯಿಂದ ಅದೇ ಮಾತು. 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಜಪಾನಿನ ಆಟವಿದು. ಈಗ ಪೋಲೆಂಡಿನ ಬ್ಲೂಬರ್ ಟೀಮ್ ಅದನ್ನು ಬುಡದಿಂದ ಮತ್ತೆ ಕಟ್ಟಿದೆ. ನಮ್ಮ ಟೆಕ್ಸ್ಚರ್ ತಂಡದವರೆಲ್ಲ ಗೋಡೆಯ ತೇವ, ಕಬ್ಬಿಣದ ತುಕ್ಕು, ಗಾಜಿನ ಮೇಲಿನ ಧೂಳನ್ನು ಜೂಮ್ ಮಾಡಿ ನೋಡುತ್ತಿದ್ದರು. ನನ್ನ ಕಣ್ಣು ಮಂಜಿನ ಮೇಲಿತ್ತು.

ಈ ಸರಣಿಗೆ ಮಂಜು ಬಂದದ್ದು ಯಂತ್ರದ ಬಡತನದಿಂದ. 1999ರ ಮೊದಲ ಆಟದ ಕಾಲಕ್ಕೆ ಪ್ಲೇಸ್ಟೇಷನ್‌ಗೆ ಒಂದು ಊರನ್ನು ದೂರದವರೆಗೆ ಬಿಡಿಸುವ ಶಕ್ತಿ ಇರಲಿಲ್ಲ. ಬಿಡಿಸಲಾಗದ್ದನ್ನು ಮಂಜಿನಿಂದಲೂ ಕತ್ತಲಿನಿಂದಲೂ ಮುಚ್ಚಿದರು. ಹಾಗೆ ಮುಚ್ಚಿದ್ದೇ ಆಟದ ಭಯವಾಯಿತು. ಎದುರಿಗೆ ಏನೋ ಇದೆ, ಕಾಣುತ್ತಿಲ್ಲ, ಆದರೂ ಮುಂದೆ ಹೋಗಲೇಬೇಕು. 2012ರಲ್ಲಿ ಎರಡನೇ ಆಟದ ಎಚ್‌ಡಿ ಆವೃತ್ತಿ ಮಾಡಿದ ತಂಡದ ಕೈಗೆ ಸಿಕ್ಕಿದ್ದು ಪೂರ್ತಿಯಾಗದ ಹಳೆಯ ಕೋಡ್. ಮಂಜು ತೆಳುವಾಯಿತು, ಸರೋವರದ ನೀರು ಹಠಾತ್ತನೆ ಮುಗಿದುಹೋಗುವ ಅಂಚು ಕಣ್ಣಿಗೆ ಬಿತ್ತು. ಚಿತ್ರ ಸ್ಪಷ್ಟವಾಯಿತು, ಭಯ ಹೋಯಿತು. ಈಗಿನ ತಂಡಕ್ಕೆ ಮುಚ್ಚಿಡಬೇಕಾದ್ದು ಏನೂ ಇಲ್ಲ. ಆದರೂ ಮಂಜನ್ನು ಉಳಿಸಿಕೊಂಡಿದ್ದಾರೆ. ಅವರಿಗೆ ಆಟ ಅರ್ಥವಾಗಿದೆ ಅನ್ನುವುದಕ್ಕೆ ನನಗೆ ಅಷ್ಟು ಸಾಕು.

11 ಅಕ್ಟೋಬರ್, ಶುಕ್ರವಾರ, ಆಯುಧಪೂಜೆ

ಮಾನಿಟರ್‌ಗಳಿಗೆಲ್ಲ ಕುಂಕುಮ, ಸೇವಂತಿಗೆ. ಪೂಜೆ ಮುಗಿಸಿ ಕಡ್ಲೆಪುರಿ ತಿನ್ನುತ್ತಾ ಕೂತಾಗ ಸಹೋದ್ಯೋಗಿಯೊಬ್ಬರು ಮಂಗಳವಾರದ ಮಾತನ್ನೇ ಮತ್ತೆ ಎತ್ತಿದರು. “ಮೇಡಂ, ಅಣ್ಣಾವ್ರ ಸಿನಿಮಾಗೇ ಬಣ್ಣ ಹಾಕಿದ್ರು. ಜನ ಮತ್ತೆ ಥಿಯೇಟರ್‌ಗೆ ಬಂದ್ರು. ಆಟಕ್ಕೆ ಹಾಕಿದ್ರೆ ಏನು ತಪ್ಪು?”

ತಪ್ಪೇನಿಲ್ಲ ಎಂದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂದವು. ಹೊಸ ತಲೆಮಾರು ದೊಡ್ಡ ಪರದೆಯ ಮೇಲೆ ರಾಜ್‌ಕುಮಾರ್ ಅವರನ್ನು ನೋಡಿತು. ಕಪ್ಪು ಬಿಳುಪಿನ ಪ್ರತಿ ಎಲ್ಲಿಗೂ ಹೋಗಲಿಲ್ಲ. ಬೇಕಾದವರು ಅದನ್ನೇ ನೋಡಬಹುದು.

ಆದರೆ ಮನೆಗೆ ಬರುವಾಗ ಬಸ್ಸಿನಲ್ಲಿ ಯೋಚನೆ ಮುಂದುವರಿಯಿತು. ಬಣ್ಣ ಹಾಕಿದ ಮಾತ್ರಕ್ಕೆ ನಟ ಇನ್ನೊಂದು ರೀತಿ ನಡೆಯುವುದಿಲ್ಲ. ಸಂಭಾಷಣೆಯ ನಡುವಿನ ಮೌನ ಹೆಚ್ಚುಕಡಿಮೆ ಆಗುವುದಿಲ್ಲ. ಬದಲಾಗುವುದು ಕಣ್ಣಿಗೆ ಕಾಣುವ ಪದರ ಒಂದೇ. ಆಟದಲ್ಲಿ ಚಿತ್ರವನ್ನು ಮುಟ್ಟಿದರೆ ಕೈಯ ಅನುಭವವೂ ಬದಲಾಗಬಹುದು. ಗುಂಡಿ ಒತ್ತಿದ್ದಕ್ಕೂ ದೇಹ ಅಲುಗಿದ್ದಕ್ಕೂ ನಡುವೆ ಎಷ್ಟು ಹೊತ್ತು ಎಂಬುದರಲ್ಲೇ ಆಟದ ಅರ್ಧ ಜೀವ ಇರುತ್ತದೆ. ನಮ್ಮ ಕೆಲಸದ ಕಷ್ಟವೂ ಹೊಣೆಯೂ ಅಲ್ಲೇ ಇದೆ.

13 ಅಕ್ಟೋಬರ್, ಭಾನುವಾರ

ಅಕ್ಕನ ಮಗಳು ರಜೆಗೆ ಬಂದಿದ್ದಾಳೆ. ಅವಳಿಗೆ 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಹಾಕಿಕೊಟ್ಟೆ. ನಾವು ಅದನ್ನು ಆಡಿದ್ದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಡಾಸ್ ಪರದೆಯ ಮೇಲೆ ಹೆಸರು ಟೈಪ್ ಮಾಡಿ, ಫ್ಲಾಪಿ ಕರಕರ ಅನ್ನುವುದನ್ನು ಕೇಳುತ್ತಾ ಕಾಯುತ್ತಿದ್ದೆವು.

ಚೌಕ ಚೌಕದ ಚಿತ್ರ ನೋಡಿ ಮೂಗು ಮುರಿಯುತ್ತಾಳೆ ಅಂದುಕೊಂಡರೆ ಅವಳ ದೂರು ಬೇರೆಯೇ. “ಚಿಕ್ಕಮ್ಮ, ಇವನು ನಾನು ನಿಲ್ಲು ಅಂದ ತಕ್ಷಣ ನಿಲ್ಲೋದೇ ಇಲ್ಲ. ಜಾರಿಕೊಂಡು ಹೋಗಿ ಮುಳ್ಳಿಗೆ ಬೀಳ್ತಾನೆ.”

ಹೌದು, ಓಡುತ್ತಿರುವ ಮನುಷ್ಯ ಥಟ್ಟನೆ ನಿಲ್ಲುವುದಿಲ್ಲವಲ್ಲ. ಈ ಆಟ ಮಾಡಿದ ಜೋರ್ಡನ್ ಮೆಕ್ನರ್ ತಮ್ಮ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ನೆಗೆಯಿಸಿ ವಿಡಿಯೊ ತೆಗೆದರು. ಟಿವಿಯಲ್ಲಿ ಅದನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ಫೋಟೊ ಹಿಡಿದು, ಅಂಚುಗಳನ್ನು ಕೈಯಲ್ಲೇ ತಿದ್ದಿ ಆಪಲ್ 2 ಕಂಪ್ಯೂಟರಿಗೆ ಇಳಿಸಿದರು. ಹಾಗಾಗಿ ರಾಜಕುಮಾರನಿಗೆ ತೂಕವಿದೆ. ಓಟಕ್ಕೆ ಮೊದಲು ಮೈ ಬಾಗುತ್ತದೆ, ನೆಗೆದರೆ ಇಳಿದು ಸಾವರಿಸಿಕೊಳ್ಳಲು ಹೊತ್ತು ಬೇಕು. ಕತ್ತಿವರಸೆಯನ್ನೂ ಅವರು ತೆಗೆದುಕೊಂಡದ್ದು 1938ರ ರಾಬಿನ್ ಹುಡ್ ಸಿನಿಮಾದ ಕಾಳಗದಿಂದ.

ಶಿಫ್ಟ್ ಒತ್ತಿ ಹಿಡಿದು ಜೋಪಾನವಾಗಿ ಹೆಜ್ಜೆ ಇಡುವುದನ್ನು ತೋರಿಸಿದೆ. ಸಂಜೆಯ ಹೊತ್ತಿಗೆ ಅವಳು ಪ್ರಪಾತದ ಅಂಚಿಗೆ ಹೋಗಿ, ನಿಂತು, ಅಳೆದು, ಹಿಂದೆ ಸರಿದು ಓಡಿ ಹಾರುತ್ತಿದ್ದಳು. ಗ್ರಾಫಿಕ್ಸ್ ಬಗ್ಗೆ ಒಂದು ಮಾತೂ ಬರಲಿಲ್ಲ. ಹೊಸಬರಿಗೆ ಹಳೆಯ ಆಟ ರುಚಿಸುವುದಿಲ್ಲ ಅನ್ನುವ ವಾದಕ್ಕೆ ನನ್ನ ಉತ್ತರ ಇದು: ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು.

ನನಗೆ ಅತ್ಯಂತ ಪ್ರಿಯವಾದದ್ದು ಇದರ ನೆರಳು ಮನುಷ್ಯ. ಎದುರಾಳಿಯೊಬ್ಬನನ್ನು ತರೋಣ ಅಂದರೆ ಮೆಮೊರಿ ತುಂಬಿಹೋಗಿತ್ತು. ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ತುಸು ಪಕ್ಕಕ್ಕೆ ಸರಿಸಿ ಅವುಗಳ ಮೇಲೆಯೇ ಹಾಯಿಸಿದಾಗ ಮಿನುಗುವ ಒಂದು ಆಕೃತಿ ಹುಟ್ಟಿತು. ಆ ನೆರಳು ಕನ್ನಡಿಯಿಂದ ಹೊರಬರುತ್ತದೆ, ಔಷಧಿ ಕುಡಿದು ಹೋಗುತ್ತದೆ. ಕೊನೆಗೆ ಎದುರು ನಿಂತಾಗ ಅದನ್ನು ಕೊಂದರೆ ನಾವೇ ಸಾಯುತ್ತೇವೆ. ಕತ್ತಿ ಒಳಗಿಟ್ಟು ಅದರತ್ತ ನಡೆದರೆ ಇಬ್ಬರೂ ಒಂದಾಗುತ್ತಾರೆ. ಜಾಗವಿಲ್ಲದ ಕಷ್ಟದಲ್ಲಿ ಹೊಳೆದ ಇಂಥ ಕಥೆ ಜಾಗ ಧಾರಾಳವಾಗಿದ್ದಿದ್ದರೆ ಹೊಳೆಯುತ್ತಿರಲಿಲ್ಲ.

19 ಅಕ್ಟೋಬರ್, ಶನಿವಾರ

ಅದೇ ಆಟದ ಹೊಸ ರೂಪ, 2007ರ ‘ಪ್ರಿನ್ಸ್ ಆಫ್ ಪರ್ಷಿಯಾ ಕ್ಲಾಸಿಕ್’ನ ವಿಡಿಯೊ ನೋಡಿದೆ. ಅದೇ ನೆಲಮಾಳಿಗೆ, ಅದೇ ಒಂದು ಗಂಟೆಯ ಗಡುವು. ಆದರೆ ಕಲ್ಲಿಗೆ ನೆರಳು ಬೆಳಕು ಬಂದಿದೆ, ರಾಜಕುಮಾರ ಇದೇ ಸರಣಿಯ 2003ರ ‘ಸ್ಯಾಂಡ್ಸ್ ಆಫ್ ಟೈಮ್’ನವನ ಹಾಗೆ ಕಾಣುತ್ತಾನೆ. ಚೆಂದವಾಗಿದೆ. ಮಾಡಿದವರು ಮೂಲವನ್ನು ಪ್ರೀತಿಸಿದ್ದಾರೆ.

‘ಸ್ಯಾಂಡ್ಸ್ ಆಫ್ ಟೈಮ್’ನದೇ ರೀಮೇಕ್‌ನ ಕಥೆ ನಮಗೆ ಹತ್ತಿರದ್ದು. 2020ರ ಸೆಪ್ಟೆಂಬರ್‌ನಲ್ಲಿ ಯೂಬಿಸಾಫ್ಟ್ ಅದನ್ನು ಘೋಷಿಸಿದಾಗ ಮಾಡುತ್ತಿದ್ದವರು ಪುಣೆ ಮತ್ತು ಮುಂಬೈ ಸ್ಟುಡಿಯೊಗಳು. ಭಾರತದ ಕಲಾವಿದರಿಗೆ ಅಷ್ಟು ದೊಡ್ಡ ಹೆಸರಿನ ಆಟ ಸಿಕ್ಕಿತೆಂದು ನಾವೆಲ್ಲ ಹಿಗ್ಗಿದ್ದೆವು. ಟ್ರೇಲರ್ ಬಂದ ದಿನವೇ ಗ್ರಾಫಿಕ್ಸ್ ಸಾಲದು ಎಂದು ಟೀಕೆ ಸುರಿಯಿತು. ಬಿಡುಗಡೆ ಮುಂದಕ್ಕೆ ಹೋಯಿತು, 2022ರಲ್ಲಿ ಕೆಲಸ ಮೂಲ ಆಟ ಹುಟ್ಟಿದ ಮಾಂಟ್ರಿಯಲ್‌ಗೆ ಮರಳಿತು. 2024ರಲ್ಲಿ ಹೇಳಿದ ಹೊಸ ಗಡುವು 2026.

ಆ ಟೀಕೆಯಲ್ಲಿ ನನ್ನನ್ನು ನೋಯಿಸಿದ್ದು ಒಂದೇ ವಿಷಯ. ಎಲ್ಲರೂ ಮುಖದ ಚರ್ಮ, ಬಟ್ಟೆಯ ಮಡಿಕೆ, ಬೆಳಕು ಎಂದು ಮಾತಾಡಿದರು. ಗೋಡೆಯ ಮೇಲೆ ಓಡುವಾಗಿನ ಲಯ ಉಳಿದಿದೆಯೇ, ಕಾಲವನ್ನು ಹಿಂದಕ್ಕೆ ತಿರುಗಿಸುವ ಆ ಕಠಾರಿ ಕೈಯಲ್ಲಿ ಮೊದಲಿನ ಹಾಗೇ ಮಿಡಿಯುತ್ತದೆಯೇ ಎಂದು ಕೇಳಿದವರು ಅಪರೂಪ. ರೀಮೇಕನ್ನು ಅಳೆಯುವ ಕೋಲೇ ಚಿತ್ರವಾದರೆ ಕಲಾವಿದರೂ ಚಿತ್ರವನ್ನಷ್ಟೇ ಕೊಡುತ್ತಾರೆ.

27 ಅಕ್ಟೋಬರ್, ಭಾನುವಾರ

ಶುಕ್ರವಾರ ಅಮೆರಿಕದ ಕಾಪಿರೈಟ್ ಕಚೇರಿಯ ತೀರ್ಮಾನ ಬಂತು. ಮಾರಾಟದಲ್ಲಿಲ್ಲದ ಹಳೆಯ ಆಟಗಳನ್ನು ಗ್ರಂಥಾಲಯಗಳು ಸಂಶೋಧಕರಿಗೆ ದೂರದಿಂದಲೇ ಆಡಲು ಒದಗಿಸಬಹುದೇ ಎಂದು ಸಂರಕ್ಷಕರು ಅನುಮತಿ ಕೇಳಿದ್ದರು. ಸಿಗಲಿಲ್ಲ. ಓದಿ ಹೊಟ್ಟೆ ಉರಿಯಿತು. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲೇ ಲೆಕ್ಕ ಕೊಟ್ಟಿತ್ತು: 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಪುಸ್ತಕಕ್ಕೆ ಹೀಗಾಗಿದ್ದರೆ ಬೀದಿಗಿಳಿಯುತ್ತಿದ್ದೆವು.

ರೀಮೇಕ್ ಬಗ್ಗೆ ನನ್ನ ನಿಲುವು ಈಗ ಖಚಿತ. ಮಾಡಲಿ. ನನ್ನ ಅನ್ನವೂ ಅದೇ. ಆದರೆ ಹೊಸದು ಬಂದ ದಿನ ಹಳೆಯದರ ಬಾಗಿಲು ಮುಚ್ಚಬಾರದು. 2020ರಲ್ಲಿ ‘ವಾರ್‌ಕ್ರಾಫ್ಟ್ 3’ರ ಹೊಸ ಆವೃತ್ತಿ ಬಂದಾಗ ಹಳೆಯ ಆಟ ಕೊಂಡಿದ್ದವರ ಆನ್‌ಲೈನ್ ಆಟವೂ ಅದರೊಳಗೆ ಸೇರಿಹೋಯಿತು. 2021ರಲ್ಲಿ ಜಿಟಿಎ ಸರಣಿಯ ಮೂರು ಆಟಗಳು ಹೊಸ ರೂಪದಲ್ಲಿ ಬರುವ ಮುಂಚೆಯೇ ಹಳೆಯವನ್ನು ಅಂಗಡಿಯಿಂದ ತೆಗೆದರು. ಹೊಸದರಲ್ಲಿ ದೋಷಗಳು ತುಂಬಿದ್ದವು, ಜನ ಸಿಟ್ಟಾದರು. ಕಂಪನಿ ಕ್ಷಮೆ ಕೇಳಿ ಪಿಸಿಗೆ ಹಳೆಯವನ್ನು ಮರಳಿ ತಂದಿತು.

ಸರಿಯಾಗಿ ಮಾಡಿದವರೂ ಇದ್ದಾರೆ. 2009ರ ‘ಮಂಕಿ ಐಲೆಂಡ್’ ವಿಶೇಷ ಆವೃತ್ತಿಯಲ್ಲಿ ಒಂದು ಕೀ ಒತ್ತಿದರೆ 1990ರ ಚಿತ್ರ ಕಣ್ಣೆದುರು ಬರುತ್ತದೆ. 2021ರ ‘ಡಯಾಬ್ಲೊ 2’ರಲ್ಲೂ ಹಾಗೆಯೇ. ಮೆಕ್ನರ್ ಅವರ 1984ರ ‘ಕರಾಟೆಕ’ಕ್ಕೆ ಕಳೆದ ವರ್ಷ ಡಿಜಿಟಲ್ ಎಕ್ಲಿಪ್ಸ್ ಮಾಡಿದ ಕೆಲಸವಂತೂ ಮಾದರಿ. ಮೂಲ ಆಟ, ಕರಡು ಆವೃತ್ತಿಗಳು, ಟಿಪ್ಪಣಿಗಳು, ಹೊಸ ರೂಪ, ಎಲ್ಲವೂ ಒಂದೇ ಕಡೆ. ‘ಪ್ರಿನ್ಸ್’ನ ಮೂಲ ಕೋಡ್ ಎಲ್ಲರಿಗೂ ಸಿಕ್ಕಿದ್ದು ಸಹ 2012ರಲ್ಲಿ ಮೆಕ್ನರ್ ಅವರ ತಂದೆ ಮನೆಯಲ್ಲಿ ಡಿಸ್ಕ್‌ಗಳ ಪೆಟ್ಟಿಗೆಯನ್ನು ಹುಡುಕಿಕೊಟ್ಟದ್ದರಿಂದ. ಒಂದು ಕಲೆಯ ಚರಿತ್ರೆ ಮನೆಯವರು ಯಾವ ಪೆಟ್ಟಿಗೆಯನ್ನು ಎಸೆಯಲಿಲ್ಲ ಎಂಬುದರ ಮೇಲೆ ನಿಲ್ಲಬಾರದು.

ನಾಳೆ ಹೊಸ ಪ್ರಾಜೆಕ್ಟಿನ ಮೊದಲ ಮೀಟಿಂಗ್. ಅದೂ ಹಳೆಯ ಆಟವೊಂದಕ್ಕೆ ಹೊಸ ಮೈ ಕೊಡುವ ಕೆಲಸ. ಟೆಕ್ಸ್ಚರ್ ಪಟ್ಟಿ ತೆರೆಯುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಮೂಲ ಆಟದ ಓಟ, ನೆಗೆತ, ನಿಲುವಿನ ಅಳತೆಗಳನ್ನು ಯಾರು ತೆಗೆಯುತ್ತಿದ್ದಾರೆ? ಅದೇ ಡಿಸ್ಕ್‌ನಲ್ಲಿ ಹಳೆಯ ಆಟವೂ ಬರುತ್ತದೆಯೇ? ಎರಡನೆಯದಕ್ಕೆ ‘ಇಲ್ಲ’ ಎಂದರೆ ಯಾಕೆ ಎಂದು ಬರಹದಲ್ಲಿ ಕೊಡಿ ಎಂದು ಕೇಳುತ್ತೇನೆ.