ವೇಷ ಕಟ್ಟದ ಕಂಠ

ಮಾರತ್ತಹಳ್ಳಿಯ ನಮ್ಮ ಬೀದಿಯ ಗದ್ದಲ ಅಡಗಿದ ಮೇಲೆ ನಾನು ಯೋಸೆಲೆ ರೋಸೆನ್‌ಬ್ಲಾಟರ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುತ್ತೇನೆ. ಹೀಬ್ರೂ ಒಂದಕ್ಷರ ತಿಳಿಯದು. ಆದರೆ ದೇವರನಾಮ ಕೇಳಿ ಬೆಳೆದ ಕಿವಿಗೆ ಆ ಮೊರೆ ಹೊಸದಲ್ಲ.

ನ್ಯೂಯಾರ್ಕಿನ ಯೆಹೂದ್ಯ ಮಂದಿರದಲ್ಲಿ ಸಭೆಯ ಪರವಾಗಿ ಪ್ರಾರ್ಥನೆ ಹಾಡುವುದು ಇವರ ವೃತ್ತಿ, ಕಚೇರಿಗಳಲ್ಲಿಯೂ ಹೆಸರಾದವರು. 1918ರಲ್ಲಿ ಷಿಕಾಗೋದ ಆಪೆರಾದವರು ರಾತ್ರಿಗೆ ಸಾವಿರ ಡಾಲರು ಕೊಡುತ್ತೇವೆ, ಗಡ್ಡವನ್ನೂ ತೆಗೆಯಬೇಡಿ ಎಂದರು. ಇವರು ಒಲ್ಲೆನೆಂದರು. ಮುಂದೆ ಪತ್ರಿಕೆಯೊಂದಕ್ಕೆ ಹಣ ಹಾಕಿ ಸಾಲಕ್ಕೆ ಸಿಕ್ಕರು. (ಪತ್ರಿಕೆಯಿಂದ ಕೈ ಸುಟ್ಟುಕೊಂಡವರು ನಮ್ಮಲ್ಲೇನು ಕಡಮೆಯೆ?) ತೀರಿಸಲು ಊರೂರು ತಿರುಗಿ ಹಾಡಿದರು. 1927ರ ‘ದಿ ಜಾಜ್ ಸಿಂಗರ್’ ಚಿತ್ರದಲ್ಲೂ ಹಾಡಿದರು. ಪ್ರಾರ್ಥನೆಯನ್ನು ಮಾತ್ರ ಹಾಡಲಿಲ್ಲ.

ಗ್ರಾಮಫೋನಿಗೆ ಪ್ರಾರ್ಥನೆ ಕೊಟ್ಟವರಿಗೆ ಸಿನಿಮಾ ಏಕೆ ಬೇಡವಾಯಿತು? ತಟ್ಟೆಯಲ್ಲಿ ನಟನೆಯಿಲ್ಲವಲ್ಲ! ನನಗೆ ಈ ಹಟ ಹಿಡಿಸುತ್ತದೆ. ಸಂಸಾರ ತೂಗಿಸುವವರು ಒಪ್ಪಲಿಕ್ಕಿಲ್ಲ. 1933ರಲ್ಲಿ ಜೆರೂಸಲೇಮಿನಲ್ಲಿ, 51ನೆಯ ವಯಸ್ಸಿನಲ್ಲಿ, ತೀರಿಕೊಂಡರು.