ಸೋಣ ತಿಂಗಳ ತೆನೆ

ಮಂಗಳೂರು, ಸೆಪ್ಟೆಂಬರ್ 9

ಅಕ್ಕಾ,

ಮಂಡ್ಯದ ಗದ್ದೆಗಳಲ್ಲಿ ಈಗ ನಾಟಿ ಮುಗಿದು ಪೈರು ಬರೀ ಹಸಿರಾಗಿ ನಿಂತಿರುತ್ತದೆ. ಕರಾವಳಿಯಲ್ಲಿ ಆಗಲೇ ತೆನೆ ಬಾಗಿದೆ. ನಾಲೆಯ ನೀರಿಗೆ ಕಾಯದೆ ಜೂನ್ ಮಳೆಗೇ ಮಾಡುವ ಏಣಿಲು ಬೆಳೆ ಇದು. ಇಲ್ಲಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ನಿನ್ನೆ ಹಬ್ಬದೂಟ ಶುರುವಾದದ್ದು ಈ ತೆನೆಯಿಂದಲೇ.

ಹಬ್ಬದ ಹೆಸರು ಮೊಂತಿ ಫೆಸ್ತ್. ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಜನ್ಮದಿನ. ಇಟಲಿ, ಫ್ರಾನ್ಸ್ ಕಡೆ ಆ ತಾರೀಖು ಬೇಸಗೆ ಇಳಿದು ದ್ರಾಕ್ಷಿ ಕೀಳುವ ಹೊತ್ತು. ತುಳುನಾಡಿನಲ್ಲಿ ಅದು ಸೋಣ ತಿಂಗಳಿಗೆ ಬೀಳುತ್ತದೆ. ಅದರ ಹಿಂದಿನದು ಆಟಿ: ಬಿಡದ ಮಳೆ, ಬರಿದಾದ ಕಣಜ, ಕೆಸುವು ತಗಟೆ ಸೊಪ್ಪು ತಿಂದು ದಿನ ದೂಡುತ್ತಿದ್ದ ಕಾಲ. ಆಟಿ ಕಳೆದು ಕಣ್ಣಿಗೆ ಬೀಳುವ ಮೊದಲ ತೆನೆಗೆ ಎಷ್ಟು ಬೆಲೆ ಎಂಬುದು ಪಡಿತರ ಅಕ್ಕಿ ಉಣ್ಣುವ ನಮ್ಮ ಕಾಲದವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ.

ಈ ಎರಡನ್ನೂ, ಅಂದರೆ ಮಾತೆಯ ಜನ್ಮದಿನವನ್ನೂ ಹೊಸ ಬೆಳೆಯನ್ನೂ, ಜೋಡಿಸಿದವರು ಗೋವಾ ಮೂಲದ ಪಾದ್ರಿ ಜೊವಾಕಿಂ ಮಿರಾಂಡ. 1763ರಲ್ಲಿ, ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಚರ್ಚಿನಲ್ಲಿ. ನಿನ್ನ ಶ್ರೀರಂಗಪಟ್ಟಣಕ್ಕೂ ಈ ಕಥೆಗೂ ನಂಟಿದೆ: 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ನಡೆಸಿದ್ದು ಅಲ್ಲಿಗೇ. ಬಹಳ ಚರ್ಚುಗಳು ನೆಲಸಮವಾದವು. ಮಿರಾಂಡರ ಮೇಲಿನ ಗೌರವದಿಂದ ಫರಂಗಿಪೇಟೆಯದು ಉಳಿಯಿತು ಎನ್ನುತ್ತಾರೆ ಇಲ್ಲಿಯವರು. 1799ರಲ್ಲಿ ಟಿಪ್ಪು ಅಳಿದ ನಂತರ ಬದುಕುಳಿದು ಮರಳಿದವರು ಹಬ್ಬವನ್ನು ಮರೆತಿರಲಿಲ್ಲ.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ಬುಟ್ಟಿ ತುಂಬ ದಾಸವಾಳ, ಕರ್ಣಕುಂಡಲ, ಬೇಲಿಯ ಮೇಲೆ ಸಿಕ್ಕಿದ್ದೆಲ್ಲ ಹೂವು ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಕೊನೆಯ ದಿನ ಅವರಿಗೆ ಕಬ್ಬು ಸಿಗುತ್ತದೆ. ಭಕ್ತಿಯಲ್ಲಿ ಕಬ್ಬಿನ ಪಾಲು ಎಷ್ಟು ಎಂದು ಕೇಳುವುದು ಅಧಿಕಪ್ರಸಂಗ. ಹಬ್ಬದ ದಿನ ಪಾದ್ರಿ ಆಶೀರ್ವದಿಸಿದ ತೆನೆ ಮನೆಮನೆಗೆ ಹೋಗುತ್ತದೆ. ಮನೆಯ ಹಿರಿಯರು ನಾಲ್ಕು ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆ, ಪಲ್ಯಗಳು ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯಲ್ಲೇ. ಮೀನು ಮಾಂಸ ಇಲ್ಲ. ಕೊಲ್ಲಿ ದೇಶಗಳಲ್ಲಿರುವ ಮಕ್ಕಳಿಗೆ ಕಾಳು ಅಂಚೆಯಲ್ಲಿ ಹೋಗುತ್ತದೆ.

ಪಕ್ಕದ ಹಿಂದೂ ಮನೆಗಳಲ್ಲಿ ಇದೇ ಹೊಸಕ್ಕಿ ಊಟ, ತುಳುವಿನಲ್ಲಿ ಪುದ್ವಾರ್. ಬೈಬಲಿನ ಯಾಜಕಕಾಂಡವೂ ಕೊಯ್ಲಿನ ಮೊದಲ ಸಿವುಡನ್ನು ದೇವರ ಮುಂದಿಡು ಎನ್ನುತ್ತದೆ. ಯಾರು ಯಾರಿಂದ ಕಲಿತರು ಎಂದು ಇಲ್ಲಿ ಯಾರೂ ಜಗಳವಾಡುವುದಿಲ್ಲ. ಮಳೆ ಎಲ್ಲರಿಗೂ ಒಂದೇ ದಿನ ಬಂದಿರುತ್ತದೆ.

ಕೊರತೆ ಇರುವುದು ಗದ್ದೆಗೆ. ಭತ್ತದ ಜಾಗಕ್ಕೆ ಅಡಿಕೆ ಬಂತು, ಆಮೇಲೆ ಮನೆಗಳು ಬಂದವು. ಪೇಟೆಯ ಚರ್ಚುಗಳಿಗೆ ಈಗ ತೆನೆ ಹೊಂದಿಸುವುದೇ ದೊಡ್ಡ ಕೆಲಸ. ಕೆಲವೆಡೆ ಚರ್ಚಿನ ಯುವಕರು ಹಡಿಲು ಬಿದ್ದ ಗದ್ದೆಗೆ ಇಳಿದು ನೇಜಿ ನೆಡುತ್ತಾರೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ ಚರ್ಚಿಗೆ ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಆರೈಕೆ ಕುರಿತು 'ಲಾವ್ದಾತೊ ಸಿ' ಎಂಬ ವಿಶ್ವಪತ್ರವನ್ನೇ ಹೊರಡಿಸಿದರು. ಆ ಪತ್ರದ ಮೇಲಿನ ಹತ್ತು ಪ್ರವಚನಗಳಿಗಿಂತ ಮೊಣಕಾಲುದ್ದ ಕೆಸರಿಗೆ ಇಳಿದ ಆ ಹುಡುಗರದೇ ಒಳ್ಳೆಯ ವ್ಯಾಖ್ಯಾನ.

ಬರುವ ವರ್ಷ ಪುಟ್ಟಿಯನ್ನು ಕರೆದುಕೊಂಡು ಆಗಸ್ಟ್ ಕೊನೆಗೇ ಬಾ, ಹೂವಿನ ಬುಟ್ಟಿ ಹಿಡಿಯಲಿ. ಭಾವನಿಗೆ ಮೊದಲೇ ಹೇಳಿಬಿಡು: ಮಂಗಳೂರಾದರೂ 8ನೇ ತಾರೀಖು ಮೀನು ಸಿಗುವುದಿಲ್ಲ.

ನಿನ್ನ ತಮ್ಮ